ಡ್ರೋನ್ ಮೇಲಿದ್ದಾಗಲೇ ಆ್ಯಪ್ ಮುಚ್ಚಿಕೊಳ್ಳುತ್ತಿದೆ. ತಪ್ಪು ಫೋನಿನದ್ದಾ, ಆ್ಯಪಿನದ್ದಾ?

ಮದುವೆಮನೆ ಕ್ಯಾಮೆರಾ · ಭಾನುವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು, ಮದುವೆ ವಿಡಿಯೋ ಮಾಡುತ್ತೇನೆ. ಎರಡು ವರ್ಷದಿಂದ 249 ಗ್ರಾಂನ ಸಣ್ಣ ಡ್ರೋನ್ ಒಂದಿದೆ. ಡ್ರೋನ್ ಇವತ್ತಿನವರೆಗೂ ಕೈ ಕೊಟ್ಟಿಲ್ಲ. ಕೈ ಕೊಡುತ್ತಿರುವುದು ಫೋನಿನಲ್ಲಿರುವ ಆ್ಯಪ್.

ಇವತ್ತು ಪಾಂಡವಪುರದ ಕಡೆ ಒಂದು ಹಳ್ಳಿಯಲ್ಲಿ ಮದುವೆ ಇತ್ತು. ಗಂಡಿನ ಕಡೆಯವರು ವಾಲಗದ ಜೊತೆ ಊರೊಳಗೆ ಬರುತ್ತಿದ್ದರು. ಹತ್ತೂವರೆ ಸಮಯ, ಬಿಸಿಲು ಆಗಲೇ ಸುಡುತ್ತಿತ್ತು. ನಾಲೆ ಮೇಲಿಂದ ಡ್ರೋನ್ ತಂದು, ಕಬ್ಬಿನ ಗದ್ದೆ ದಾಟಿಸಿ, ದಿಬ್ಬಣದ ಮುಂದೆ ಇಳಿಸಬೇಕು ಅನ್ನುವುದು ನನ್ನ ಲೆಕ್ಕ. ಅರ್ಧ ದಾರಿಯಲ್ಲಿ ಸ್ಕ್ರೀನ್ ಕಪ್ಪಾಯಿತು. ಆಮೇಲೆ ನೋಡಿದರೆ ಫೋನಿನ ಮುಖಪುಟ, ಮಗಳ ಫೋಟೋ. ಆ್ಯಪ್ ಮಾಯ.

ಡ್ರೋನ್ ತೆಂಗಿನ ಮರಗಳ ಆಚೆ ಇತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ. ವಾಲಗದ ಸದ್ದಿನಲ್ಲಿ ಅದರ ಸದ್ದೂ ಕೇಳಲಿಲ್ಲ. ಆ್ಯಪ್ ಮತ್ತೆ ತೆರೆದರೆ ‘ರಿಮೋಟ್ ಜೋಡಿಸಿ’ ಅನ್ನುತ್ತಿದೆ. ಜೋಡಿಸಿಯೇ ಇದೆಯಲ್ಲಪ್ಪಾ! ಪಕ್ಕದಲ್ಲಿ ಹೆಣ್ಣಿನ ಸೋದರಮಾವ ಬಂದು ‘ಏನ್ಲಾ, ಹಾರೋಯ್ತಾ?’ ಅಂತ ಕೇಳಿದರು. ಗಾಬರಿಯಲ್ಲಿ ರಿಮೋಟನ್ನೇ ಆಫ್ ಮಾಡಿಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅದೇ ಬಂದು ಇಳಿಯಿತು, ಪುಣ್ಯ. ಆದರೆ ಶಾಟ್ ಹೋಯಿತು.

ಒಂದು ತಿಂಗಳಲ್ಲಿ ಇದು ಮೂರನೇ ಸಲ. ಹೊಸ ಫೋನ್ ತಗೊಳ್ಳಲಾ? ಇಲ್ಲ ಸ್ಕ್ರೀನ್ ಅಂಟಿಕೊಂಡೇ ಬರುವ ರಿಮೋಟ್ ತಗೊಳ್ಳಲಾ? ಮುಂದಿನ ಶನಿವಾರ ಮೈಸೂರಿನಲ್ಲಿ ಇನ್ನೊಂದು ಮದುವೆ ಇದೆ.

ಒಗ್ಗರಣೆ · 10:20

ಸೋದರಮಾವನ ಪ್ರಶ್ನೆಗೆ ಏನು ಉತ್ತರ ಕೊಟ್ಟಿರಿ ಅದನ್ನು ಹೇಳಿ ಮೊದಲು.

ಮದುವೆಮನೆ ಕ್ಯಾಮೆರಾ · 10:21

‘ಇಲ್ಲ ಮಾವ, ಮೇಲಿಂದ ತೆಗೀತಾ ಇದೆ’ ಅಂದೆ. ಬೇರೆ ಏನು ಹೇಳಲಿ.

ಕುಂತಿಬೆಟ್ಟ · 10:31

ಆ್ಯಪಿನದ್ದೇ ತಪ್ಪು, ಅನುಮಾನವೇ ಬೇಡ. ನಂದೂ ಅದೇ ಕಂಪನಿ ಡ್ರೋನ್ (ಹೆಸರು ಬೇಡ, ಎಲ್ಲರಿಗೂ ಗೊತ್ತು). ಆ್ಯಂಡ್ರಾಯ್ಡ್‌ನವರಿಗೆ ಆ ಆ್ಯಪ್ ಪ್ಲೇ ಸ್ಟೋರ್‌ನಲ್ಲೂ ಸಿಗುವುದಿಲ್ಲ. ಕಂಪನಿಯ ಜಾಲತಾಣಕ್ಕೆ ಹೋಗಿ ಎಪಿಕೆ (ಆ್ಯಪ್ ಹಾಕುವ ಫೈಲ್) ಇಳಿಸಿಕೊಳ್ಳಬೇಕು. ಹಾಕುವಾಗ ಫೋನು ‘ಇದು ಅಪಾಯ, ಬೇಡ’ ಅಂತ ನಾಲ್ಕು ಸಲ ಬೈಯುತ್ತದೆ. ಐವತ್ತು ಸಾವಿರ ಕೊಟ್ಟು ತಗೊಂಡ ವಸ್ತುವಿನ ಕಥೆ ಇದು.

ನನ್ನ ಅನುಭವ ಕೇಳಿ. ಹೋದ ತಿಂಗಳು ಮೇಲುಕೋಟೆಗೆ ಹೋಗಿದ್ದೆ, ಊರಾಚೆ ಬಂಡೆಗಳ ಕಡೆ. ಬೆಳಗಿನ ಐದೂವರೆಗೆ ಎದ್ದು, ಮಂಜು ಕರಗುವ ಮುಂಚೆ ತೆಗೆಯಬೇಕು ಅಂತ. ಆನ್ ಮಾಡಿದರೆ ಆ್ಯಪ್ ಲಾಗಿನ್ ಕೇಳಿತು. ಹಿಂದಿನ ರಾತ್ರಿ ಆ್ಯಪ್ ಕೇಳಿತು ಅಂತ ಅಪ್‌ಡೇಟ್ ಮಾಡಿದ್ದೆ, ಅದರಲ್ಲಿ ಲಾಗ್‌ಔಟ್ ಆಗಿತ್ತು. ಅಲ್ಲಿ ನನ್ನ ಸಿಮ್‌ಗೆ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ. ಲಾಗಿನ್ ಆಗದಿದ್ದರೆ 30 ಮೀಟರ್ ಎತ್ತರ, 50 ಮೀಟರ್ ದೂರ, ಅಷ್ಟೇ ಬಿಡುತ್ತದೆ. ಬಂಡೆ ಮೇಲೆ ಕೂತು ಪುಳಿಯೋಗರೆ ತಿಂದು ವಾಪಸ್ ಬಂದೆ.

ಮೂರನೇ ಕಣ್ಣು · 10:38

ಪುಳಿಯೋಗರೆ ಚೆನ್ನಾಗಿತ್ತಾ?

ಕುಂತಿಬೆಟ್ಟ · 10:39

ಅದೊಂದೇ ಚೆನ್ನಾಗಿದ್ದದ್ದು.

ಹಳೇ ರೇಡಿಯೋ · 10:55

ಸ್ವಾಮಿ, ತಪ್ಪು ಯಾರದ್ದು ಅಂತ ಆಮೇಲೆ ನೋಡೋಣ. ಒಂದು ವಿಷಯ ಮೊದಲು ತಲೆಗೆ ಹೋಗಬೇಕು, ಯಾಕೆಂದರೆ ಮುಂದಿನ ಸಲ ಡ್ರೋನ್ ಉಳಿಯುವುದು ಇದರಿಂದ.

ನಿಮ್ಮ ಡ್ರೋನನ್ನು ಹಾರಿಸುತ್ತಿರುವುದು ಫೋನ್ ಅಲ್ಲ, ರಿಮೋಟ್. ಅದರ ಮೇಲಿನ ಕಡ್ಡಿ (ಜಾಯ್‌ಸ್ಟಿಕ್) ಅಲ್ಲಾಡಿಸಿದರೆ ಸಿಗ್ನಲ್ ರಿಮೋಟಿನಿಂದ ನೇರ ಡ್ರೋನಿಗೆ ಹೋಗುತ್ತದೆ. ಫೋನು ಬರೀ ಟಿವಿ. ಚಿತ್ರ ತೋರಿಸುತ್ತದೆ, ಸೆಟ್ಟಿಂಗ್ ಬದಲಿಸಲು ಆಗುತ್ತದೆ, ಮುಗಿಯಿತು. ಟಿವಿ ಆಫ್ ಆದರೆ ಕ್ರಿಕೆಟ್ ಮ್ಯಾಚ್ ನಿಲ್ಲುತ್ತದಾ? ಆ್ಯಪ್ ಸತ್ತಾಗ ನೀವು ಕಡ್ಡಿಯಿಂದ ಕೈ ತೆಗೆದಿದ್ದರೆ ಸಾಕಿತ್ತು. ಜಿಪಿಎಸ್ ಹಿಡಿದುಕೊಂಡು ಅದು ಇದ್ದಲ್ಲೇ ನಿಲ್ಲುತ್ತಿತ್ತು. ರಿಮೋಟ್ ಮೇಲೆ ವಾಪಸ್ ಕರೆಯುವ ಗುಂಡಿ ಇದೆ ನೋಡಿ, ಅದನ್ನು ಬೀಪ್ ಬರುವವರೆಗೆ ಒತ್ತಿ ಹಿಡಿದರೆ ವಾಪಸ್ ಬರುತ್ತದೆ. ಅದಕ್ಕೆ ಫೋನೇ ಬೇಡ.

ರಿಮೋಟ್ ಆಫ್ ಮಾಡಿದ್ದು ತಪ್ಪು ಕೆಲಸ. ಸಿಗ್ನಲ್ ಕಡಿದಾಗ ಡ್ರೋನ್ ಏನು ಮಾಡಬೇಕು ಅನ್ನುವುದಕ್ಕೆ ಸೆಟ್ಟಿಂಗ್‌ನಲ್ಲಿ ಮೂರು ಆಯ್ಕೆ ಇರುತ್ತವೆ: ವಾಪಸ್ ಬಾ, ಅಲ್ಲೇ ನಿಲ್ಲು, ಅಲ್ಲೇ ಇಳಿ. ನಿಮ್ಮದರಲ್ಲಿ ಮೊದಲನೆಯದು ಇತ್ತು, ಬಚಾವಾದಿರಿ. ‘ಅಲ್ಲೇ ಇಳಿ’ ಅಂತ ಇದ್ದಿದ್ದರೆ ನಾಲೆಯಲ್ಲಿ ಮೀನಿನ ಜೊತೆ ಇರುತ್ತಿತ್ತು.

ನಾಲೆ ಏರಿ · 11:02

ಮೀನಾದರೂ ಪರವಾಗಿಲ್ಲ, ನೀರಿನಲ್ಲಿ ಬಿದ್ದದ್ದು ಎಲ್ಲಿ ಅಂತ ಗೊತ್ತಾಗುತ್ತದೆ. ಕಬ್ಬಿನಲ್ಲಿ ಬಿದ್ದರೆ ಮುಗೀತು ಕಥೆ. ನಮ್ಮ ಗದ್ದೆಯಲ್ಲಿ ಬೆಂಗಳೂರಿನ ಹುಡುಗರದ್ದು ಒಂದು ಬಿತ್ತು. ಹತ್ತು ತಿಂಗಳ ಕಬ್ಬು, ಆಳೆತ್ತರ ದಾಟಿ ಅಡ್ಡಡ್ಡ ಬಿದ್ದಿತ್ತು. ಮೂರು ಜನ ಟೀ ಶರ್ಟ್ ಹಾಕಿಕೊಂಡು ನುಗ್ಗಿದರು. ಗರಿ ಕೊಯ್ದು ಕೈಯೆಲ್ಲಾ ಗೀರು. ಕೊನೆಗೆ ನಮ್ಮಪ್ಪ ‘ಅದು ಕೂಗಲ್ವೇನ್ರೋ?’ ಅಂತ ಕೇಳಿದರು. ಆಗ ನೆನಪಾಯಿತು ಆ ಮಹಾನುಭಾವರಿಗೆ, ಆ್ಯಪ್‌ನಲ್ಲಿ ಡ್ರೋನ್ ಹುಡುಕುವ ಗುಂಡಿ ಇದೆ ಅಂತ. ಒತ್ತಿದರೆ ಜೀರುಂಡೆ ತರಹ ಕಿರ್ ಕಿರ್. ತರಗಿನ ಮೇಲೆ ಒಂದು ರೆಕ್ಕೆಯೂ ಮುರಿಯದೆ ಕೂತಿತ್ತು. ನಮ್ಮ ಕಬ್ಬು ಮಾತ್ರ ಹದಿನೈದು ಇಪ್ಪತ್ತು ಜಲ್ಲೆ ಮುರಿದುಹೋಗಿತ್ತು.

ಒಗ್ಗರಣೆ · 11:04

ಜಲ್ಲೆ ಲೆಕ್ಕ ಹಾಕಿದಿರಾ? ಅಪ್ಪಟ ಮಂಡ್ಯ!

ನಾಲೆ ಏರಿ · 11:05

ನಾನಲ್ಲ, ನಮ್ಮಪ್ಪ. ದುಡ್ಡೂ ಇಸ್ಕೊಂಡರು.

ಕೋಡ್ ಬರೆಯೋನು · 11:17

ಎಲ್ಲರೂ ಆ್ಯಪ್‌ಗೆ ಬೈಯುತ್ತಿದ್ದೀರಿ, ನನಗೆ ಹೊಟ್ಟೆ ಉರಿಯುತ್ತಿದೆ. ನಾನು ಮೈಸೂರಿನಲ್ಲಿ ಮೊಬೈಲ್ ಆ್ಯಪ್ ಬರೆಯುವವನು (ಡ್ರೋನಿನದ್ದಲ್ಲ, ಹೊಡೆಯಬೇಡಿ). ಐಫೋನಿಗೆ ಬರೆಯುವವನು ಬೆರಳೆಣಿಕೆಯ ಮಾಡೆಲ್‌ಗಳಲ್ಲಿ ಪರೀಕ್ಷೆ ಮಾಡಿದರೆ ಸಾಕು. ಆ್ಯಂಡ್ರಾಯ್ಡ್‌ನಲ್ಲಿ ಸಾವಿರಾರು ಮಾಡೆಲ್. ಒಂದೊಂದು ಕಂಪನಿ ಒಂದೊಂದು ಬಣ್ಣ ಬಳಿದಿರುತ್ತದೆ. ಬ್ಯಾಟರಿ ಉಳಿಸುತ್ತೇವೆ ಅಂತ ಕಣ್ಣಿಗೆ ಕಂಡ ಆ್ಯಪ್‌ಗಳನ್ನೆಲ್ಲಾ ಕೊಲ್ಲುತ್ತಾ ಹೋಗುತ್ತವೆ. ಡ್ರೋನ್ ಆ್ಯಪ್ ಒಂದೇ ಹೊತ್ತಿಗೆ ವಿಡಿಯೋ ಬಿಡಿಸಬೇಕು, ನಕ್ಷೆ ತೋರಿಸಬೇಕು, ಫೋನಿನೊಳಗೂ ಒಂದು ಸಣ್ಣ ನಕಲು ಉಳಿಸಬೇಕು, ರಿಮೋಟಿನ ಜೊತೆ ಮಾತಾಡಬೇಕು. ಹಸಿದ ಹಂಡೆ ಅದು. ಮೆಮೊರಿ ತೀರಾ ಕಡಿಮೆ ಆದರೆ ಫೋನು ಇಂಥದ್ದಕ್ಕೂ ಕೈ ಹಾಕುತ್ತದೆ.

ಸೆಟ್ಟಿಂಗ್‌ನಲ್ಲಿ ಆ ಆ್ಯಪಿನ ಬ್ಯಾಟರಿ ಭಾಗಕ್ಕೆ ಹೋಗಿ ‘ನಿರ್ಬಂಧ ಇಲ್ಲ’ ಅಂತ ಮಾಡಿ. ಬ್ಯಾಟರಿ ಸೇವರ್ ಆಫ್ ಮಾಡಿ. ಆ್ಯಪಿನ ಒಳಗೆ ವಿಡಿಯೋ ಕ್ಯಾಶ್ (ಫೋನಿನೊಳಗೆ ಉಳಿಯುವ ಆ ನಕಲು) ಅಂತ ಇರುತ್ತದೆ, ಅದು ಎಷ್ಟು ಜಿಬಿ ತುಂಬಿದೆ ನೋಡಿ. ನನ್ನ ಸ್ನೇಹಿತನ ಫೋನಿನಲ್ಲಿ 11 ಜಿಬಿ ಇತ್ತು. ‘ಫೋನ್ ಫುಲ್, ಏನು ಮಾಡಿದರೂ ಜಾಗ ಆಗ್ತಿಲ್ಲ’ ಅಂತ ಅವನು ಮದುವೆ ಫೋಟೋ ಡಿಲೀಟ್ ಮಾಡುತ್ತಾ ಕೂತಿದ್ದ.

ಕುಂತಿಬೆಟ್ಟ · 11:24

ಅಂದರೆ ಐವತ್ತು ಸಾವಿರದ ಡ್ರೋನ್ ತಗೊಂಡ ಮೇಲೆ ಗ್ರಾಹಕನೇ ಇಂಜಿನಿಯರ್ ಆಗಬೇಕು. ಟಿವಿ ತಗೊಂಡರೆ ಹೀಗೆ ಹೇಳ್ತಾರಾ?

ಕೋಡ್ ಬರೆಯೋನು · 11:26

ಟಿವಿ ಜೊತೆ ಅದರ ಸ್ಕ್ರೀನೂ ಅವರೇ ಕೊಡುತ್ತಾರೆ ಸಾರ್. ಇಲ್ಲಿ ಸ್ಕ್ರೀನ್ ನಿಮ್ಮದು, ಒಳಗಿರುವ ನಲವತ್ತು ಆ್ಯಪ್‌ಗಳೂ ನಿಮ್ಮವು.

ಕುಂತಿಬೆಟ್ಟ · 11:27

ಹಾಗಾದರೆ ಯಾವ ಫೋನಿನಲ್ಲಿ ಸರಿ ಓಡುತ್ತದೆ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆಯಲಿ. ಜಾಲತಾಣದ ಮೂಲೆಯಲ್ಲಿ ಪಟ್ಟಿ ಇಟ್ಟರೆ ಯಾರು ನೋಡ್ತಾರೆ?

ಕೋಡ್ ಬರೆಯೋನು · 11:29

ಇದು ಮಾತ್ರ ಒಪ್ಪಿದೆ.

ಕುವೆಂಪುನಗರದ ಅಪ್ಪ · ಸೋಮವಾರ ಬೆಳಿಗ್ಗೆ 7:15

ಹಳೇ ರೇಡಿಯೋ ಅವರೇ, ಫೋನ್ ಬರೀ ಟಿವಿ ಅಂದಿರಿ. ನನ್ನ ಮಗನ ಡ್ರೋನ್‌ಗೆ ರಿಮೋಟೇ ಇಲ್ಲ, ಫೋನಿನಿಂದಲೇ ಹಾರಿಸುವುದು. ಎರಡೂವರೆ ಸಾವಿರದ್ದು. ಹುಟ್ಟುಹಬ್ಬದ ದಿನ ತಾರಸಿ ಮೇಲೆ ಹಾರಿಸಿದೆವು. ಒಂದು ನಿಮಿಷ ಚೆನ್ನಾಗಿತ್ತು, ಆಮೇಲೆ ಆ್ಯಪ್‌ನಲ್ಲಿ ಸಂಪರ್ಕ ಇಲ್ಲ ಅಂತ ಬಂತು. ಡ್ರೋನ್ ಗಾಳಿಗೆ ಜಾರಿ ಜಾರಿ ಪಕ್ಕದ ಮನೆಯವರ ನೀರಿನ ಟ್ಯಾಂಕ್ ಮೇಲೆ ಹೋಗಿ ಬಿತ್ತು. ಅವರಿಗೂ ನಮಗೂ ಮಾತಿಲ್ಲ, ಕಾರ್ ಪಾರ್ಕಿಂಗ್ ವಿಷಯ. ಮಗನನ್ನು ಕಳಿಸಿದೆ. ಅವನು ಡ್ರೋನ್ ಜೊತೆ ಎರಡು ಚಕ್ಕುಲಿಯನ್ನೂ ತಂದ.

ಹಳೇ ರೇಡಿಯೋ · 8:40

ಅದು ಬೇರೆ ಜಾತಿ. ಅಲ್ಲಿ ಫೋನೇ ರಿಮೋಟ್. ಡ್ರೋನ್ ಒಂದು ವೈಫೈ ಹಬ್ಬಿಸುತ್ತದೆ, ಫೋನು ಅದಕ್ಕೆ ಅಂಟಿಕೊಳ್ಳುತ್ತದೆ. ಆ ವೈಫೈನಲ್ಲಿ ಇಂಟರ್‌ನೆಟ್ ಇರುವುದಿಲ್ಲ. ಈಗಿನ ಫೋನ್‌ಗಳು ಬುದ್ಧಿವಂತಿಕೆ ಜಾಸ್ತಿ ಆಗಿ ‘ಇದರಲ್ಲಿ ಇಂಟರ್‌ನೆಟ್ ಇಲ್ಲ’ ಅಂತ ಬಿಟ್ಟು ಮೊಬೈಲ್ ಡೇಟಾಗೆ ಹಾರುತ್ತವೆ. ಡ್ರೋನ್ ಅನಾಥ. ಹಾರಿಸುವ ಮುಂಚೆ ಮೊಬೈಲ್ ಡೇಟಾ ಆಫ್ ಮಾಡಿ. ಅಥವಾ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಜೊತೆಗೆ ಆ ಆಟಿಕೆಗಳಲ್ಲಿ ಜಿಪಿಎಸ್ ಇರುವುದಿಲ್ಲ, ಅದಕ್ಕೇ ಗಾಳಿಗೆ ಜಾರುತ್ತದೆ. ತಾರಸಿ ಬೇಡ, ಮೈದಾನಕ್ಕೆ ಹೋಗಿ.

ಒಗ್ಗರಣೆ · 8:44

ತಾರಸಿಯೇ ಸರಿ. ಇನ್ನೆರಡು ಸಲ ಬಿದ್ದರೆ ಪಾರ್ಕಿಂಗ್ ರಾಜಿ ಆಗುತ್ತದೆ.

ನಿಯಮ ನೋಡಿ · 9:30

ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಮದುವೆಮನೆ ಕ್ಯಾಮೆರಾ ಅವರೇ, ಡ್ರೋನ್ ಕಣ್ಣಿಗೆ ಕಾಣುತ್ತಿರಲಿಲ್ಲ ಅಂತ ನೀವೇ ಬರೆದಿದ್ದೀರಿ. ಕಾಣದ ಕಡೆ ಹಾರಿಸಿದ್ದು ಯಾಕೆ? ಕಾಣುತ್ತಿದ್ದರೆ ಸ್ಕ್ರೀನ್ ಹೋದರೂ ಕಣ್ಣಿನಲ್ಲೇ ನೋಡಿಕೊಂಡು ತರಬಹುದಿತ್ತು. ದಿಬ್ಬಣದ ತಲೆ ಮೇಲೆ ಹಾರಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಶನಿವಾರ ಮೈಸೂರು ಅಂದಿರಿ. ಮಂಡಕಳ್ಳಿ ವಿಮಾನ ನಿಲ್ದಾಣ ಇದೆ, ಮರೆಯಬೇಡಿ. 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಸುತ್ತುಗೋಡೆಯಿಂದ 8 ರಿಂದ 12 ಕಿ.ಮೀ. ನಡುವೆ ಆ ಮಿತಿ 200 ಅಡಿ. ಅದಕ್ಕಿಂತ ಒಳಗೆ ಹಳದಿ ಇಲ್ಲವೇ ಕೆಂಪು ವಲಯ, ಅನುಮತಿ ಬೇಕೇ ಬೇಕು. ಮದುವೆ ಮಂಟಪ ಯಾವ ವಲಯದಲ್ಲಿ ಬರುತ್ತದೆ ಅಂತ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮೊದಲು ನೋಡಿ.

ಮೂರನೇ ಕಣ್ಣು · 9:41

ಬಂದರಪ್ಪಾ ಮೇಷ್ಟ್ರು. 250 ಗ್ರಾಂ ಒಳಗಿನ ನ್ಯಾನೋಗೆ ಪೈಲಟ್ ಸರ್ಟಿಫಿಕೇಟ್ ಬೇಡ ಅಂತ ಅದೇ ನಿಯಮದಲ್ಲಿದೆ. ಪಾಪ ಹೊಟ್ಟೆಪಾಡು, ಬಿಡಿ.

ನಿಯಮ ನೋಡಿ · 9:48

ಸರ್ಟಿಫಿಕೇಟ್ ಬೇಡ ಅಂದರೆ ವಲಯದ ನಿಯಮವೂ ಬೇಡ ಅಂತ ಅರ್ಥ ಅಲ್ಲ. ಇನ್ನೊಂದು, ಆ ಮಾಡೆಲ್‌ಗೆ ಜಾಸ್ತಿ ಹೊತ್ತು ಹಾರುವ ದೊಡ್ಡ ಬ್ಯಾಟರಿ ಸಿಗುತ್ತದೆ. ಅದನ್ನು ಹಾಕಿದ ಕೂಡಲೇ ತೂಕ 250 ದಾಟುತ್ತದೆ. ಆಗ ಅದು ಮೈಕ್ರೋ. ಮೈಕ್ರೋವನ್ನು ದುಡ್ಡಿನ ಕೆಲಸಕ್ಕೆ ಬಳಸಿದರೆ ಸರ್ಟಿಫಿಕೇಟ್ ಬೇಕು. ಮದುವೆ ಶೂಟಿಂಗ್ ಪುಕ್ಕಟೆ ಮಾಡುತ್ತೀರಾ?

ಮೂರನೇ ಕಣ್ಣು · 9:50

ಬಾಕಿ ವಸೂಲಿ ನೋಡಿದರೆ ಪುಕ್ಕಟೆಯೇ ಸಾರ್.

ಮದುವೆಮನೆ ಕ್ಯಾಮೆರಾ · 10:05

ನಿಯಮ ನೋಡಿ ಸಾರ್, ಒಪ್ಪಿದೆ. ಮರಗಳ ಆಚೆ ಹೋಗಬಾರದಿತ್ತು. ಬ್ಯಾಟರಿ ಮಾತ್ರ ಸಣ್ಣದೇ. ಮಂಟಪ ಇರುವುದು ಹುಣಸೂರು ರಸ್ತೆ ಕಡೆ, ನಕ್ಷೆ ನೋಡಿಯೇ ಹೋಗುತ್ತೇನೆ.

ಬೆಳೆಗೆ ಮಳೆ · ಸೋಮವಾರ ಮಧ್ಯಾಹ್ನ 2:10

ನಾನೂ ಒಂದು ಹೇಳಬಹುದಾ? ನಂದು ವಿಡಿಯೋ ಡ್ರೋನ್ ಅಲ್ಲ, ಔಷಧಿ ಹೊಡೆಯುವುದು. ಮದ್ದೂರು ತಾಲ್ಲೂಕು, ನಮ್ಮ ಸ್ತ್ರೀಶಕ್ತಿ ಸಂಘದ ಹೆಸರಿನಲ್ಲಿ ಡ್ರೋನ್ ದೀದಿ ಯೋಜನೆಯಲ್ಲಿ ಬಂತು. 15 ದಿನ ತರಬೇತಿ ಆಗಿದೆ. ಹತ್ತು ಲೀಟರ್ ಟ್ಯಾಂಕ್.

ನಮಗೆ ಸ್ಕ್ರೀನ್ ಹೋದರೆ ಶಾಟ್ ಹೋಯಿತು ಅನ್ನುವಷ್ಟಕ್ಕೆ ಮುಗಿಯುವುದಿಲ್ಲ. ಟ್ಯಾಬ್ಲೆಟ್ ಹಿಡಿದುಕೊಂಡು ಗದ್ದೆ ಬದುವಿನ ಮೇಲೆ ಸುತ್ತಲೂ ನಡೆದು ಮೂಲೆ ಗುರುತು ಮಾಡಬೇಕು. ಆಮೇಲೆ ಆ್ಯಪ್ ಗೆರೆ ಎಳೆಯುತ್ತದೆ, ಡ್ರೋನ್ ಆ ಗೆರೆ ಮೇಲೆ ಹೋಗಿ ಬಂದು ಹೊಡೆಯುತ್ತದೆ. ಔಷಧಿ ಮುಗಿದರೆ ವಾಪಸ್ ಬರುತ್ತದೆ. ತುಂಬಿಸಿ ಬಿಟ್ಟರೆ ಎಲ್ಲಿ ನಿಲ್ಲಿಸಿತ್ತೋ ಅಲ್ಲಿಂದ ಶುರು ಮಾಡುತ್ತದೆ. ಆ್ಯಪ್ ಮಧ್ಯದಲ್ಲಿ ಮುಚ್ಚಿಕೊಂಡರೆ ಆ ‘ಎಲ್ಲಿ ನಿಲ್ಲಿಸಿತ್ತು’ ಅನ್ನುವುದೇ ಅಳಿಸಿಹೋಗುತ್ತದೆ.

ಹೋದ ಬೆಳೆಯಲ್ಲಿ ಭತ್ತಕ್ಕೆ ಕಳೆ ಔಷಧಿ ಹೊಡೆಯುವಾಗ ಹಾಗೇ ಆಯಿತು. ಅಂದಾಜಿನ ಮೇಲೆ ಮತ್ತೆ ಶುರು ಮಾಡಿದೆ. ಎರಡು ಪಟ್ಟೆಗೆ ಎರಡು ಸಲ ಬಿತ್ತು. ವಾರದಲ್ಲಿ ಆ ಪಟ್ಟೆ ಹಳದಿ ಆಯಿತು. ಗದ್ದೆ ಮಧ್ಯ ಸೀರೆ ಅಂಚಿನ ಹಾಗೆ ಎದ್ದು ಕಾಣುತ್ತಿತ್ತು, ರಸ್ತೆಯಲ್ಲಿ ಹೋಗುವವರೆಲ್ಲಾ ನೋಡುತ್ತಿದ್ದರು. ಗದ್ದೆ ಯಜಮಾನರು ಅರ್ಧ ದುಡ್ಡು ಹಿಡಿದುಕೊಂಡರು. ‘ಹೆಂಗಸರ ಕೈಗೆ ಕೊಟ್ರೆ ಹಿಂಗೇ’ ಅಂತ ಒಬ್ಬರು ಅಂದರು. ಆ್ಯಪ್ ಬರೆದವರು ಹೆಂಗಸರಾ ಅಂತ ಕೇಳಬೇಕು ಅನ್ನಿಸಿತು, ಸುಮ್ನೆ ಬಂದೆ.

ಈಗ ಏನು ಮಾಡುತ್ತೇನೆ ಅಂದರೆ, ನಮ್ಮ ಹುಡುಗಿ ಒಬ್ಬಳು ಬದುವಿನ ಮೇಲೆ ನಿಂತಿರುತ್ತಾಳೆ. ಡ್ರೋನ್ ಯಾವ ಸಾಲಿನಿಂದ ವಾಪಸ್ ಹೊರಟಿತೋ ಅಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋಲು ನೆಡುತ್ತಾಳೆ. ಎಂಟು ಲಕ್ಷದ ಯಂತ್ರ, ಅದಕ್ಕೆ ಕೋಲಿನ ಕಾವಲು.

ನಾಲೆ ಏರಿ · 2:25

ಅಕ್ಕ, ಕೋಲಿನ ಐಡಿಯಾ ಚೆನ್ನಾಗಿದೆ. ಕಬ್ಬಿಗೆ ಹೊಡೆಯುತ್ತೀರಾ? ನಮ್ಮಲ್ಲಿ ಆರು ತಿಂಗಳು ದಾಟಿದ ಮೇಲೆ ಒಳಗೆ ನುಗ್ಗಿ ಹೊಡೆಯಲು ಆಳೇ ಸಿಗುವುದಿಲ್ಲ. ಎಕರೆಗೆ ಎಷ್ಟು ಹೊತ್ತು?

ಬೆಳೆಗೆ ಮಳೆ · 2:40

ಹೊಡೆಯುತ್ತೇನೆ ಅಣ್ಣ. ಎಲ್ಲ ಸರಿ ಇದ್ದರೆ ಎಕರೆಗೆ ಹತ್ತು ನಿಮಿಷ. ಪಕ್ಕದಲ್ಲಿ ರೇಷ್ಮೆ ಹಿಪ್ಪುನೇರಳೆ ತೋಟ ಇದ್ದರೆ ಮಾತ್ರ ಬರುವುದಿಲ್ಲ. ಗಾಳಿಗೆ ಔಷಧಿ ಹಾರಿ ಸೊಪ್ಪಿನ ಮೇಲೆ ಕೂತರೆ ಹುಳು ಉಳಿಯುವುದಿಲ್ಲ.

ಕೋಡ್ ಬರೆಯೋನು · 3:05

ಮೇಡಂ, ಆ ಟ್ಯಾಬ್ಲೆಟ್‌ನಲ್ಲಿ ಸಿಮ್ ಇದೆಯಾ? ಹಾರಿಸುವಾಗ ಕರೆ ಬರುತ್ತದಾ?

ಬೆಳೆಗೆ ಮಳೆ · 3:12

ಸಿಮ್ ಇದೆ. ಕರೆ ಬರುತ್ತಾನೇ ಇರುತ್ತದೆ, ‘ಅಕ್ಕ ನಾಳೆ ನಮ್ಮ ಗದ್ದೆಗೆ ಬರ್ತೀರಾ’ ಅಂತ. ಮಕ್ಕಳು ರಾತ್ರಿ ಅದರಲ್ಲೇ ಆಟ ಆಡುತ್ತಾರೆ.

ಕೋಡ್ ಬರೆಯೋನು · 3:14

ಅಲ್ಲಿಗೆ ಬಂತು ನೋಡಿ. ಕರೆ ತೆಗೆದ ಕೂಡಲೇ ಆ ಆ್ಯಪ್ ಹಿಂದಕ್ಕೆ ಹೋಗುತ್ತದೆ, ಹಿಂದೆ ಹೋದದ್ದನ್ನು ಟ್ಯಾಬ್ಲೆಟ್ ಕೊಲ್ಲಬಹುದು. ಮಕ್ಕಳ ಆಟ ತೆಗೆದುಹಾಕಿ. ಸಿಮ್ ಬೇರೆ ಸಾದಾ ಫೋನಿಗೆ ಹಾಕಿ. ಎಲ್ಲಿ ನಿಲ್ಲಿಸಿತ್ತು ಅನ್ನುವುದನ್ನು ಆ ಕ್ಷಣವೇ ಬರೆದಿಡದೆ ಇರುವುದು ಮಾತ್ರ ಆ್ಯಪ್ ಬರೆದವರದ್ದೇ ಸೋಮಾರಿತನ. ಅದಕ್ಕೆ ನಾನು ವಕೀಲಿಕೆ ಮಾಡಲ್ಲ.

ಕುಂತಿಬೆಟ್ಟ · 3:20

ಕೊನೆಗೂ!

ಒಗ್ಗರಣೆ · 3:31

2024ರ ದಸರೆಗೆ ಬನ್ನಿಮಂಟಪದಲ್ಲಿ 1500 ಡ್ರೋನ್ ಒಟ್ಟಿಗೆ ಹಾರಿಸಿದರಲ್ಲ. ನಾನು ಕತ್ತು ನೋಯುವವರೆಗೂ ನೋಡಿದೆ. ನಿಮಗೆಲ್ಲ ಒಂದು ಹಾರಿಸಲು ಇಷ್ಟು ಪಾಡು. ಅವರ ಹತ್ತಿರ 1500 ಫೋನ್ ಇತ್ತಾ?

ಹಳೇ ರೇಡಿಯೋ · 4:02

ಒಂದೂ ಇರುವುದಿಲ್ಲ. ಯಾವ ಡ್ರೋನ್ ಯಾವ ಸೆಕೆಂಡಿಗೆ ಎಲ್ಲಿರಬೇಕು ಅಂತ ಮೊದಲೇ ಕಂಪ್ಯೂಟರಿನಲ್ಲಿ ಬರೆದು ಒಂದೊಂದಕ್ಕೂ ತುಂಬಿರುತ್ತಾರೆ. ಕೆಳಗೆ ಕೂತವರು ‘ಶುರು’ ಅನ್ನುತ್ತಾರೆ, ಕಣ್ಣಿಡುತ್ತಾರೆ, ಹೆಚ್ಚುಕಮ್ಮಿ ಆದರೆ ಇಳಿಸುತ್ತಾರೆ. ಮಾಮೂಲಿ ಜಿಪಿಎಸ್ ಮೀಟರ್‌ಗಟ್ಟಲೆ ತಪ್ಪಬಹುದು. ಅವರು ನೆಲದ ಮೇಲೆ ಒಂದು ಯಂತ್ರ ಇಟ್ಟು ಆ ತಪ್ಪನ್ನು ಸೆಂಟಿಮೀಟರ್ ಮಟ್ಟಕ್ಕೆ ತರುತ್ತಾರೆ, ಆರ್‌ಟಿಕೆ ಅನ್ನುತ್ತಾರೆ. ಅದಿಲ್ಲದಿದ್ದರೆ ಅಂಬಾರಿ ಆನೆಯ ಸೊಂಡಿಲು ಹೋಗಿ ಬಾಲದ ಹತ್ತಿರ ಬರುತ್ತಿತ್ತು.

ಮೂರನೇ ಕಣ್ಣು · 4:30

ವಿಷಯಕ್ಕೆ ಬರೋಣ. ನಾನು ಎಂಟು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನನ್ನ ಪ್ರಕಾರ ಬಿಸಿಲು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮದುವೆ ಅಂದರೆ ಫೋನ್ ದೋಸೆ ಹಂಚು. ಸ್ಕ್ರೀನ್ ಬೆಳಕು ಪೂರ್ತಿ ಇಟ್ಟಿರುತ್ತೇವೆ, ಮೇಲೆ ಬಿಸಿಲು, ಸಾಲದ್ದಕ್ಕೆ ರಿಮೋಟು ಕೇಬಲ್ ಮೂಲಕ ಫೋನಿಗೆ ಚಾರ್ಜ್ ಬೇರೆ ಮಾಡುತ್ತಿರುತ್ತದೆ. ಐಫೋನ್‌ಗೆ ಕಂಪನಿಯೇ ಹೇಳಿರುವ ಮಿತಿ ಹೊರಗಿನ ಬಿಸಿ 35 ಡಿಗ್ರಿ. ನಮ್ಮಲ್ಲಿ ಬೇಸಿಗೆಯಲ್ಲಿ ನೆರಳಲ್ಲೇ ಅಷ್ಟಿರುತ್ತದೆ. ಮೊದಲು ಸ್ಕ್ರೀನ್ ತಾನಾಗೇ ಮಂಕಾಗುತ್ತದೆ, ಆಮೇಲೆ ವಿಡಿಯೋ ತಡವರಿಸುತ್ತದೆ, ಆಮೇಲೆ ಆ್ಯಪ್ ಮಲಗುತ್ತದೆ. ಪೌಚ್ ತೆಗೆದುಹಾಕಿ, ರಿಮೋಟಿನಿಂದ ಫೋನ್ ಚಾರ್ಜ್ ಆಗುವುದನ್ನು ಆಫ್ ಮಾಡಿ, ಅಸಿಸ್ಟೆಂಟ್ ಹುಡುಗನ ಕೈಗೆ ಕೊಡೆ ಕೊಡಿ.

ಅಂದ ಹಾಗೆ, ಶಾಟ್ ಹೋಯಿತು ಅಂದಿರಲ್ಲ. ಕಾರ್ಡ್ ತೆಗೆದು ನೋಡಿದಿರಾ? ರೆಕಾರ್ಡ್ ಆಗುವುದು ಡ್ರೋನ್ ಒಳಗಿನ ಕಾರ್ಡಿನಲ್ಲಿ. ಆ್ಯಪ್ ಸತ್ತರೂ ಅದು ತನ್ನ ಪಾಡಿಗೆ ತೆಗೆಯುತ್ತಾ ಇರುತ್ತದೆ.

ಮದುವೆಮನೆ ಕ್ಯಾಮೆರಾ · ಸೋಮವಾರ ರಾತ್ರಿ 9:20

ಮೂರನೇ ಕಣ್ಣು ಅಣ್ಣ, ನಿಮ್ಮ ಕಾಲಿಗೆ ಬೀಳಬೇಕು. ಕಾರ್ಡಿನಲ್ಲಿ ಎಲ್ಲ ಇದೆ! ಹೋಯಿತು ಅಂದುಕೊಂಡು ತೆಗೆದೇ ನೋಡಿರಲಿಲ್ಲ. ನಾಲೆ, ಕಬ್ಬು, ಮರಗಳ ಸಂದಿಯಿಂದ ದಿಬ್ಬಣ, ಎಲ್ಲ ಚೊಕ್ಕವಾಗಿ. ಆಮೇಲೆ ನಿಂತಲ್ಲೇ ನಿಂತು ಎರಡು ನಿಮಿಷ ತೆಗೆದಿದೆ. ಮೂಲೆಯಲ್ಲಿ ನಾನು ಕಾಣುತ್ತೇನೆ, ಬಾಯಿ ಬಿಟ್ಟುಕೊಂಡು ಆಕಾಶ ನೋಡುತ್ತಾ ಸುತ್ತು ಹೊಡೆಯುತ್ತಿದ್ದೇನೆ. ಪಕ್ಕದಲ್ಲಿ ಸೋದರಮಾವ ಬೇರೆ ದಿಕ್ಕಿಗೆ ಕೈ ತೋರಿಸುತ್ತಿದ್ದಾರೆ.

ಒಗ್ಗರಣೆ · 9:22

ಆ ಎರಡು ನಿಮಿಷ ಇಲ್ಲಿ ಹಾಕಿ. ದುಡ್ಡು ಬೇಕಾದರೆ ಕೊಡೋಣ.

ಹಳೇ ರೇಡಿಯೋ · 9:40

ಸಂತೋಷ. ಈಗ ನನ್ನ ಪ್ರಶ್ನೆಗೆ ಉತ್ತರ ಕೊಡಿ. ಕೇಬಲ್ ಯಾವುದು? ಫೋನಿಗೆ ಪೌಚ್ ಇತ್ತಾ? ಆ್ಯಪ್ ಮತ್ತೆ ತೆರೆದಾಗ ‘ರಿಮೋಟ್ ಜೋಡಿಸಿ’ ಅಂದಿತು ಅಂದಿರಿ. ಬರೀ ಆ್ಯಪ್ ಸತ್ತಿದ್ದರೆ ತೆರೆದ ಕೂಡಲೇ ಚಿತ್ರ ಬರಬೇಕಿತ್ತು. ಬರಲಿಲ್ಲ ಅಂದರೆ ನನಗೆ ಅನುಮಾನ ತಂತಿಯ ಮೇಲೆ.

ಮದುವೆಮನೆ ಕ್ಯಾಮೆರಾ · 9:52

ಡ್ರೋನ್ ಜೊತೆ ಬಂದದ್ದು ಮೂರು ತಿಂಗಳ ಹಿಂದೆ ಕಿತ್ತುಹೋಯಿತು. ಬಸ್ ಸ್ಟ್ಯಾಂಡ್ ಹತ್ತಿರ ಎಂಬತ್ತು ರೂಪಾಯಿಗೆ ಒಂದು ತಗೊಂಡೆ. ಪೌಚ್ ಇದೆ, ದಪ್ಪದ್ದು. ಫೋನ್ ಬೀಳುತ್ತದೆ ಅಂತ ಮನೆಯವಳು ಹಾಕಿಸಿದ್ದು.

ಹಳೇ ರೇಡಿಯೋ · 10:10

ಐವತ್ತು ಸಾವಿರಕ್ಕೆ ಎಂಬತ್ತು ರೂಪಾಯಿಯ ಸೇತುವೆ! ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಬರೀ ಚಾರ್ಜಿಂಗ್‌ಗೆ, ಡೇಟಾ ತಂತಿಯೇ ಇರುವುದಿಲ್ಲ. ನಿಮ್ಮದರಲ್ಲಿ ಇರಬೇಕು, ಇಲ್ಲದಿದ್ದರೆ ಶುರುವಿನಲ್ಲೇ ಚಿತ್ರ ಬರುತ್ತಿರಲಿಲ್ಲ. ಆದರೆ ದಪ್ಪ ಪೌಚ್ ಇದ್ದರೆ ಪಿನ್ನು ಪೂರ್ತಿ ಒಳಗೆ ಕೂರುವುದಿಲ್ಲ, ಕೂದಲೆಳೆಯಷ್ಟು ಆಚೆ ಇರುತ್ತದೆ. ಕಡ್ಡಿ ತಳ್ಳುವಾಗ ಕೈ ಅಲ್ಲಾಡಿ ತಂತಿ ಒಂದು ಕ್ಷಣ ಬಿಟ್ಟರೆ ಸಾಕು.

ಒಂದು ಕೆಲಸ ಮಾಡಿ. ಫೋನ್ ಆಫ್ ಮಾಡಿ, ಟಾರ್ಚ್ ಹಾಕಿ ಚಾರ್ಜಿಂಗ್ ತೂತಿನ ಒಳಗೆ ನೋಡಿ. ಹಲ್ಲು ಚುಚ್ಚುವ ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿ. ಪಿನ್ನು, ಸೂಜಿ ಹಾಕಬೇಡಿ, ಒಳಗಿನ ಹಲ್ಲು ಮುರಿಯುತ್ತದೆ.

ಮದುವೆಮನೆ ಕ್ಯಾಮೆರಾ · 10:48

ಸಾರ್.

ಮೊದಲು ಬೂದು ಬಣ್ಣದ ನೂಲಿನ ಉಂಡೆ ಬಂತು, ಪ್ಯಾಂಟ್ ಜೇಬಿನದ್ದು. ಅದರ ಹಿಂದೆ ಏನೋ ಗಟ್ಟಿ ಇತ್ತು. ಕೆದಕಿದೆ. ಅಕ್ಷತೆ ಕಾಳು! ಅರ್ಧ ಮುರಿದದ್ದು, ಅರಿಶಿನ ಇನ್ನೂ ಹಾಗೇ ಇದೆ. ಯಾವ ಮದುವೆಯದ್ದೋ ಆ ದೇವರಿಗೇ ಗೊತ್ತು. ಈಗ ಕೇಬಲ್ ಹಾಕಿದರೆ ‘ಟಕ್’ ಅಂತ ಸದ್ದು ಬರುತ್ತದೆ. ತಿಂಗಳುಗಟ್ಟಲೆ ಆ ಸದ್ದು ಕೇಳಿರಲಿಲ್ಲ.

ಒಗ್ಗರಣೆ · 10:49

ವಧೂವರರಿಗೆ ಹಾಕು ಅಂದರೆ ಫೋನಿಗೆ ಹಾಕಿಸಿಕೊಂಡಿದ್ದೀರಿ.

ಮೂರನೇ ಕಣ್ಣು · 10:55

ನಾನೂ ಈಗಲೇ ನೋಡಿದೆ. ನೂಲು ಬಂತು. ಅಕ್ಷತೆ ಇಲ್ಲ, ಸ್ವಲ್ಪ ಬೇಜಾರಾಯಿತು.

ಕುಂತಿಬೆಟ್ಟ · 11:03

ಒಂದು ಕಾಳು ಸಿಕ್ಕಿತು ಅಂತ ಆ್ಯಪಿಗೆ ಕ್ಲೀನ್ ಚಿಟ್ ಕೊಡಬೇಡಿ. ತಂತಿ ಬಿಟ್ಟರೆ ‘ತಂತಿ ಬಿಟ್ಟಿದೆ’ ಅಂತ ಹೇಳಬೇಕು, ಪೂರ್ತಿ ಮುಚ್ಚಿಕೊಂಡು ಮುಖಪುಟ ತೋರಿಸುವುದು ಯಾವ ನ್ಯಾಯ? ಜೊತೆಗೆ ನನ್ನ ಲಾಗಿನ್ ಕಥೆಗೆ ಯಾವ ಕಾಳೂ ಕಾರಣ ಅಲ್ಲ.

ಹಳೇ ರೇಡಿಯೋ · 11:10

ಅದೂ ಸರಿಯೇ. ನೀವು ಹೊರಡುವ ಹಿಂದಿನ ರಾತ್ರಿ ಅಪ್‌ಡೇಟ್ ಮಾಡಬೇಡಿ. ಊರು ಬಿಡುವ ಮುಂಚೆ ಮನೆಯಲ್ಲೇ ಒಂದು ಸಲ ಆ್ಯಪ್ ತೆರೆದು, ಲಾಗಿನ್ ನೋಡಿ, ಹೋಗುವ ಜಾಗದ ನಕ್ಷೆ ಸರಿಸಿ ಇಳಿಸಿಟ್ಟುಕೊಳ್ಳಿ. ಪುಳಿಯೋಗರೆ ಆಮೇಲೂ ತಿನ್ನಬಹುದು.

ಮದುವೆಮನೆ ಕ್ಯಾಮೆರಾ · ಶನಿವಾರ ರಾತ್ರಿ 11:30

ವರದಿ ಒಪ್ಪಿಸುತ್ತಿದ್ದೇನೆ. ಮಂಟಪದ ನಕ್ಷೆ ನೋಡಿದೆ, ಹಸಿರು. ಎತ್ತರ 40 ಮೀಟರ್ ದಾಟಿಸಲಿಲ್ಲ, ಜನರ ತಲೆ ಮೇಲೆ ಬಿಡಲಿಲ್ಲ, ಪೂರ್ತಿ ಕಣ್ಣಿಗೆ ಕಾಣುವಂತೆ ಹಾರಿಸಿದೆ. ಹೊಸ ಕೇಬಲ್, ಪೌಚ್ ಇಲ್ಲ, ಏರೋಪ್ಲೇನ್ ಮೋಡ್, ಬ್ಯಾಟರಿ ನಿರ್ಬಂಧ ತೆಗೆದದ್ದು, ಕ್ಯಾಶ್ ಖಾಲಿ (6 ಜಿಬಿ ಇತ್ತು). ಮೂರು ಬ್ಯಾಟರಿ ಖಾಲಿ ಆಗುವವರೆಗೆ ಹಾರಿಸಿದೆ. ಆ್ಯಪ್ ಒಂದು ಸಲವೂ ಮುಚ್ಚಿಕೊಳ್ಳಲಿಲ್ಲ. ಮೂರನೇ ಬ್ಯಾಟರಿಗೆ, ಹನ್ನೆರಡು ಗಂಟೆ ಸುಮಾರಿಗೆ, ಸ್ಕ್ರೀನ್ ಮಂಕಾಯಿತು. ಹುಡುಗ ಕೊಡೆ ಬಿಟ್ಟು ಊಟಕ್ಕೆ ಹೋಗಿದ್ದ.

ಹೊಸ ಫೋನ್ ಸದ್ಯಕ್ಕೆ ಬೇಡ. ಸ್ಕ್ರೀನ್ ಇರುವ ರಿಮೋಟಿನ ಆಸೆ ಮಾತ್ರ ಹೋಗಿಲ್ಲ.

ಮೂರನೇ ಕಣ್ಣು · 11:41

ನನ್ನ ಹತ್ತಿರ ಅದೇ ಇದೆ. ಬಿಸಿಲಿನಲ್ಲೂ ಕಾಣುತ್ತದೆ, ಕೇಬಲ್ ಕಾಟ ಇಲ್ಲ. ಆದರೆ ಒಳಗಿರುವುದೂ ಅದೇ ಆ್ಯಪ್. ಒಂದು ಸಲ ಅದೂ ಹೆಪ್ಪುಗಟ್ಟಿ ನಿಂತಿತ್ತು, ಧಾರೆ ಸಮಯದಲ್ಲೇ. ಕಡ್ಡಿಯಲ್ಲೇ ಇಳಿಸಿದೆ.

ಬೆಳೆಗೆ ಮಳೆ · ಭಾನುವಾರ ಬೆಳಿಗ್ಗೆ 6:50

ಸಿಮ್ ತೆಗೆದೆ, ಮಕ್ಕಳ ಆಟ ತೆಗೆದೆ. ಮನೆಯಲ್ಲಿ ಒಂದು ದಿನ ಉಪವಾಸ ಸತ್ಯಾಗ್ರಹ ಆಯಿತು. ನಿನ್ನೆ ನಾಲ್ಕು ಎಕರೆ ಹೊಡೆದೆ, ಮೊದಲೆಲ್ಲಾ ಎರಡು ಸಲ ಮುಚ್ಚುತ್ತಿದ್ದ ಆ್ಯಪ್ ಒಂದೇ ಸಲ ಮುಚ್ಚಿತು. ಕರೆ ಬಂದಿರಲಿಲ್ಲ, ಬಿಸಿಲೂ ಇರಲಿಲ್ಲ, ಬೆಳಗಿನ ಏಳು ಗಂಟೆ. ಕೋಲು ಇದ್ದದ್ದಕ್ಕೆ ಬಚಾವ್. ಹಳೇ ರೇಡಿಯೋ ಅಣ್ಣ, ಇದಕ್ಕೇನು ಹೇಳುತ್ತೀರಿ?

ಹಳೇ ರೇಡಿಯೋ · 8:15

ದೂರದಿಂದ ಹೇಳಲಾರೆ ತಾಯಿ. ಮೈಸೂರಿಗೆ ಬರುವುದಿದ್ದರೆ ಟ್ಯಾಬ್ಲೆಟ್, ರಿಮೋಟ್ ಎರಡೂ ತನ್ನಿ, ಕೂತು ನೋಡೋಣ.

ಬೆಳೆಗೆ ಮಳೆ · 8:22

ಬುಧವಾರ ಬರುತ್ತೇನೆ. ಹಲ್ಲುಕಡ್ಡಿ ನಾನೇ ತರುತ್ತೇನೆ.